ದೊಡ್ಡವ್ವನ ತಾವರೆ ಹೊಂಡಕ್ಕೆ ಕರೆಂಟು

ನಮ್ಮ ದೊಡ್ಡವ್ವ ಊಟಕ್ಕೆ ಕರೆದರೆ ಕಣ್ಣು ಮುಚ್ಚಿಕೊಂಡು ಹೋಗಿ. ಆದರೆ ಅವಳನ್ನು ನಿಮ್ಮ ಮನೆಗೆ ಕರೆಯುವ ಮುಂಚೆ ಮಾತ್ರ ಸ್ವಿಚ್ಚುಗಳನ್ನೆಲ್ಲ ಒಂದು ಸಲ ನೋಡಿಕೊಳ್ಳಿ! ಯಾಕೆಂದರೆ ಅವಳ ಎಲೆಯಡಿಕೆಯ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ಒಂದು ಟೆಸ್ಟರು ಮತ್ತು ಒಂದು ಸುರುಳಿ ಕರಿ ಟೇಪು ಇರುತ್ತವೆ. ಮಂಗಸೂಳಿಯ ಮದುವೆಯೊಂದರಲ್ಲಿ ಹಂದರದ ಕಂಬಕ್ಕೆ ಬೆತ್ತಲೆ ವೈರು ಕಟ್ಟಿದ್ದನ್ನು ನೋಡಿ, ಸರಿಯಾಗಿ ಅಕ್ಷತೆ ಹಾಕುವ ಹೊತ್ತಿಗೆ ಮೇನ್ ಸ್ವಿಚ್ ಆರಿಸಿದ ಮಹಾತಾಯಿ ಇವಳೇ. ಮೈಕು ನಿಂತಿತು, ಫ್ಯಾನು ನಿಂತವು, ಗಾಬರಿಗೆ ಭಟ್ಟರ ಮಂತ್ರವೂ ನಿಂತಿತು. ಬೀಗರು ಹೌಹಾರಿ ಓಡಿ ಬಂದರೆ ಇವಳು ಕುರ್ಚಿ ಹತ್ತಿ ಟೇಪು ಸುತ್ತುತ್ತಿದ್ದಾಳೆ!

"ಮುಹೂರ್ತ ಮೀರಾಕತ್ತೈತ್ರಿ ಅಕ್ಕಾರ..."

"ಮುಹೂರ್ತ ಮತ್ತೊಂದು ಹುಡುಕಬಹುದು. ಮದಿಮಗ ಹೋದ್ರ ಎಲ್ಲಿಂದ ತರ್ತೀರಿ?"

ಟೇಪು ಸುತ್ತಿ ಕೆಳಗಿಳಿದವಳು ಏನೂ ಆಗಿಲ್ಲವೆಂಬಂತೆ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕುಳಿತಳು.

ಇದನ್ನು ಹುಚ್ಚು ಎಂದು ನಗಬೇಡಿ. ಅಥವಾ ನಗಿ, ಪರವಾಗಿಲ್ಲ, ಅವಳೂ ನಗುತ್ತಾಳೆ. ನಮ್ಮ ದೊಡ್ಡಪ್ಪ ಒಂದು ಮಳೆಗಾಲದ ಬೆಳಗ್ಗೆ ಐಗಳಿಯ ನಮ್ಮ ಮನೆಯ ಹಿತ್ತಲಿಗೆ ಹೊಂದಿದ ದ್ರಾಕ್ಷಿ ತೋಟದ ಬಾವಿಗೆ ಮೋಟಾರು ಚಾಲೂ ಮಾಡಲು ಹೋದವರು ತಿರುಗಿ ಬರಲಿಲ್ಲ. ಕಾಲ ಕೆಳಗೆ ಒದ್ದೆ ನೆಲ, ಕೈಗೆ ತಾಗಿದ್ದು ಟೇಪಿಲ್ಲದ ಜಾಯಿಂಟು. ಮಣ್ಣಿಗೆ ಬಂದವರೆಲ್ಲ ಹಣೆಬರಹ ಎಂದರು. ದೊಡ್ಡವ್ವ ಮಾತ್ರ, "ಹಣಿಬರಹ ಅಂತ ಹಣಿಬರಹ! ಆ ವೈರಿಗೆ ಟೇಪ್ ಯಾಕ ಸುತ್ತಿರಲಿಲ್ಲ, ಅದನ್ನ ಹೇಳ್ರಿ" ಎಂದು ಕೇಳಿದಳು.

ದೊಡ್ಡಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಆವತ್ತಿನಿಂದ ಮನೆಗೆ ಒಂದು ಕಾಯ್ದೆ ತಂದರು. ನೀರಿದ್ದಲ್ಲಿ ಕರೆಂಟು ಇರಕೂಡದು! ಬಚ್ಚಲದ ಬಲ್ಬು ಕಿತ್ತರು. ದನಗಳು ನೀರು ಕುಡಿಯುವ ಡೋಣಿಯ ಮೇಲಿನ ಟ್ಯೂಬ್ ಲೈಟು ಕಿತ್ತರು. ಹೊತ್ತು ಮುಳುಗಿದರೆ ಅರ್ಧ ಮನೆಗೆ ಕತ್ತಲು.

ಅಂಥ ಮನೆಯಲ್ಲಿ ದೊಡ್ಡವ್ವ ಕಳೆದ ವರ್ಷ ಒಂದು ದಿನ ಚಹಾ ಕುಡಿಯುತ್ತ ಘೋಷಿಸಿದಳು: ಅಂಗಳದಲ್ಲಿ ತಾವರೆ ಹೊಂಡ ಮಾಡಿಸುತ್ತೇನೆ, ಸುತ್ತ ಗಿಡ ಹಚ್ಚುತ್ತೇನೆ, ದಂಡೆಗೊಂದು ದೀಪದ ಕಂಬ ನಿಲ್ಲಿಸುತ್ತೇನೆ, ನೀರಿನ ಒಳಗೂ ಲೈಟು ಹಾಕಿಸುತ್ತೇನೆ. ಒಳಗೆ! ನೀರಿನ ಒಳಗೆ!

ಕಾಕಾನ ಬಸಿಯಿಂದ ಚಹಾ ಚೆಲ್ಲಿತು. "ಏನ್ ಮಾತಾಡಾಕತ್ತೀರಿ ವೈನಿ? ಅಣ್ಣನ್ನ ಕಳಕೊಂಡ ಮನಿ ಇದು."

"ಅದಕ್ಕ ಮಾಡ್ಸಾಕತ್ತೇನಿ. ಕರೆಂಟಿಗೆ ಅಂಜಿ ಎಷ್ಟು ದಿನ ಕತ್ತಲದಾಗ ಕೂಡೂದು? ತಪ್ಪು ಮಾಡಿದಾವ್ರು ನಾವು. ಶಿಕ್ಷಾ ಮಾತ್ರ ಬಲ್ಬಿಗೆ!"

"ಹಂಗಾದ್ರ ನಾ ಅಂಗಳದಾಗ ಕಾಲ ಇಡೂದಿಲ್ಲ ನೋಡ್ರಿ!"

"ಹಿತ್ತಲ ಬಾಗಲಾ ಐತಿ. ಅಲ್ಲಿಂದ ಬರ್ರಿ."

ಕಾಕಾ ಹಾಗೇ ಮಾಡಿದರು! ಹಟದಲ್ಲಿ ನಮ್ಮ ಮನೆತನದವರೇನು ಕಡಿಮೆಯೇ? ಆದರೆ ಈ ಹೊಂಡದಲ್ಲಿ ಒಂದೇ ಒಂದು ಕಿಡಿ ಹಾರಿದರೂ ಮನೆಯ ಕತ್ತಲು ಕಾಯಂ ಆಗುತ್ತದೆ ಎಂಬುದು ದೊಡ್ಡವ್ವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವಳು ಗುದ್ದಲಿಗೆ ಮೊದಲು ನಕ್ಷೆಗೆ ಕೈ ಹಾಕಿದಳು.

ಇಂಜಿನಿಯರುಗಳು ನಕ್ಷೆಯನ್ನು ಕಾಗದದ ಮೇಲೆ ಬರೆಯುತ್ತಾರೆ. ದೊಡ್ಡವ್ವನಿಗೆ ಕಾಗದ ಸಾಲದು. ಅಂಗಳ ಸಾರಿಸಿ, ರಂಗೋಲಿಯಲ್ಲೇ ಇಡೀ ವೈರಿಂಗ್ ಬಿಡಿಸಿದಳು. ನೀರಿನ ಪೈಪು ನೀಲಿ, ವೈರು ಕೆಂಪು, ಅವೆರಡೂ ಹತ್ತಿರ ಬರುವಲ್ಲೆಲ್ಲ ಎಚ್ಚರಿಕೆಗೆ ಅರಿಶಿನದ ಚುಕ್ಕಿ, ಮೂಲೆಯಲ್ಲಿ ಮೇನ್ ಸ್ವಿಚ್, ಅರ್ಥಿಂಗಿನ ಗುಂಡಿ ಇರುವಲ್ಲಿ ಒಂದು ಪದ್ಮ. ಮರುದಿನ ಬೆಳಗ್ಗೆ ಓಣಿಯಲ್ಲಿ ನಡೆದು ಬರುತ್ತೇನೆ, ಏನು ನೋಡುವುದು! ಎದುರು ಮನೆ, ಪಕ್ಕದ ಮನೆ, ಮೂಲೆ ಮನೆ, ಎಲ್ಲರ ಬಾಗಿಲ ಮುಂದೆಯೂ ನಮ್ಮದೇ ಮೇನ್ ಸ್ವಿಚ್! ಎದುರು ಮನೆಯ ಸೊಸೆ ಬಂದು, "ಇದಕ್ಕ ಎಷ್ಟು ಚುಕ್ಕಿರೀ ಅತ್ತಿ? ನಂದ್ಯಾಕೋ ನಿಮ್ಮಂಗ ಕಾಣವಲ್ದು" ಎಂದು ಕೇಳಿದಳು. ದೊಡ್ಡವ್ವ ಹೋಗಿ ಬಗ್ಗಿ ನೋಡಿದಳು.

"ನಿಂದು ಶಾರ್ಟ್ ಆಗೈತಿ ನೋಡವಾ" ಎಂದು ಕೂಡಿಕೊಂಡಿದ್ದ ಎರಡು ಗೆರೆಗಳನ್ನು ಬೆರಳಿನಿಂದ ಬಿಡಿಸಿ ಬಂದಳು!

ಅಥಣಿಯಿಂದ ಬಂದ ವೈರ್‌ಮನ್ ಪಾಪ, ಒಂದು ದಿನದ ಕೆಲಸ ಎಂದುಕೊಂಡಿದ್ದ. ಆದರೆ ದೊಡ್ಡವ್ವನ ಷರತ್ತುಗಳು ಒಂದೇ ಎರಡೇ! ವೈರು ಆಳಕ್ಕೆ ಹೋಗಬೇಕು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ. ಕರೆಂಟಿನ ಜೋರು ಇಳಿಸುವ ಟ್ರಾನ್ಸ್‌ಫಾರ್ಮರ್ ಮನೆಯೊಳಗೆ, ಹನ್ನೆರಡು ವೋಲ್ಟ್ ಮಾತ್ರ ಹೊಂಡಕ್ಕೆ. ಕರೆಂಟು ಚೂರು ಸೋರಿದರೂ ತಾನೇ ಬೀಳುವ ಟ್ರಿಪ್ ಸ್ವಿಚ್. ಅದರ ಗುಂಡಿಯನ್ನು ಅವನಿಂದ ಒತ್ತಿಸಿ, ಒತ್ತಿಸಿ, ಬಿದ್ದದ್ದನ್ನು ಮತ್ತೆ ಎತ್ತಿಸಿ ನೋಡಿದಳು. "ಅವ್ವಾರ, ನಾ ವೈರ್ ಎಳಿಯಾಕ ಬಂದೇನೋ ಪರೀಕ್ಷಾ ಬರಿಯಾಕ ಬಂದೇನೋ?" ಎಂದು ಅವನು ಕೇಳಿದ್ದಕ್ಕೆ, "ಪಾಸಾದ್ರ ಹೋಳಿಗಿ ಊಟ" ಎಂದಳು.

ಅಷ್ಟು ಹುಷಾರಿನವಳೂ ಎಡವಿದಳು. ವೈರು ಹಾಯಿಸಲು ತೋಟದಲ್ಲಿ ಉಳಿದಿದ್ದ, ಬಳ್ಳಿಗೆ ಹನಿ ನೀರು ಬಿಡುವ ಡ್ರಿಪ್ಪಿನ ಕರಿ ಪೈಪನ್ನೇ ಹಿತ್ತಲಿಂದ ಅಂಗಳದ ಕಂಬದವರೆಗೆ ಹೂಳಿಸಿದಳು. ಹಿತ್ತಲ ಬಾಗಿಲಿಂದ ಬರುತ್ತಿದ್ದ ಕಾಕಾ, ಮಣ್ಣಿನಿಂದ ಇಣುಕಿದ್ದ ಪೈಪಿನ ಬಾಯಿ ನೋಡಿ, ಬಳ್ಳಿಗೆ ನೀರು ಬಿಡುವ ಪೈಪು ಕಿತ್ತುಕೊಂಡಿದೆ ಎಂದು ತಿಳಿದರು. ಗೊಬ್ಬರ ಕಲಸಿದ ನೀರು ಹರಿಯುವ ತೋಟದ ಲೈನಿಗೆ ಜೋಡಿಸಿದರು, ವಾಲ್ವು ತಿರುಗಿಸಿದರು. ಇತ್ತ ಅಂಗಳದಲ್ಲಿ ದೀಪದ ಕಂಬದ ನೆತ್ತಿಯಿಂದ ಗೊಬ್ಬರದ ನೀರು ಕಾರಂಜಿಯಾಗಿ ಚಿಮ್ಮಿತು! ವೈರು ಇನ್ನೂ ಹಾಯಿಸಿರಲಿಲ್ಲ, ಪುಣ್ಯ. ವೈರ್‌ಮನ್ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತಿದ್ದ.

"ಕಾಕಾ, ಕಂಬಕ್ಕ ಗೊಬ್ಬರ ಕೊಟ್ರಿ. ಇನ್ನ ಬಲ್ಬಿನ ಗೊಂಚಲ ಬಿಡ್ತಾವ!" ಎಂದು ನಾನು ಕೂಗಿದೆ.

ದೊಡ್ಡವ್ವ ಸೋಲುವವಳೇ? "ಛಲೋ ಆತು. ಪೈಪ್ ಎಲ್ಲೂ ಸೋರಿಲ್ಲ, ಟೆಸ್ಟ್ ಆತು" ಎಂದಳು. ಆದರೆ ಮರುದಿನವೇ ಕರಿ ಪೈಪನ್ನೆಲ್ಲ ಕೀಳಿಸಿ, ಬೇರೆ ಬಣ್ಣದ ವೈರಿಂಗ್ ಪೈಪು ಹಾಕಿಸಿದಳು.

ಕೊನೆಗೆ ದೀಪ ಹಚ್ಚುವ ಸಂಜೆ ಬಂತು. ಓಣಿಯ ಹೆಂಗಸರೆಲ್ಲ ಗೋಡೆಗೆ ಆತುಕೊಂಡು ನಿಂತಿದ್ದರು. ಕಾಕಾ ತಲೆಬಾಗಿಲ ಹೊಸ್ತಿಲ ಒಳಗೇ ನಿಂತಿದ್ದರು. ವೈರ್‌ಮನ್ ಸ್ವಿಚ್ ಒತ್ತಿದ. ಕಂಬದ ದೀಪ ಹತ್ತಿತು, ನೀರು ತಳದಿಂದ ಬೆಳಗಿತು, ತಾವರೆ ಎಲೆಗಳ ನರ ನರವೂ ಕಂಡಿತು. ಎಷ್ಟು ಚೆಂದ! ಆದರೆ ಒಬ್ಬರೂ ಹತ್ತಿರ ಹೋಗಲಿಲ್ಲ. ನಾನೂ ಹೋಗಲಿಲ್ಲ. ಅಂಜಿಕೆ ನಮ್ಮೆಲ್ಲರ ಕಾಲು ಹಿಡಿದಿತ್ತು.

ದೊಡ್ಡವ್ವ ಹೊಂಡದ ದಂಡೆಯ ಮೇಲೆ ಕುಳಿತಳು. ಬಳೆಗಳನ್ನು ಮೇಲೆ ಸರಿಸಿ, ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿದಳು.

"ವೈನೀ!" ಕಾಕಾ ಬರಿಗಾಲಲ್ಲಿ ಓಡಿ ಬಂದು ಅವಳ ಭುಜ ಹಿಡಿದುಬಿಟ್ಟರು. ದೊಡ್ಡವ್ವ ಕೈ ತೆಗೆಯಲಿಲ್ಲ. ಬೆಳಕಿನ ನೀರಲ್ಲಿ ಬೆರಳು ಆಡಿಸುತ್ತಲೇ ಇದ್ದಳು. ಅವಳ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಏನೂ ಆಗಂಗಿಲ್ಲ ನೋಡ್ರಿ ತಮ್ಮಾ. ಇಷ್ಟ ಮಾಡಿದ್ರ ಸಾಕಿತ್ತು. ಇಷ್ಟ ಮಾಡಿದ್ರ ನಿಮ್ಮ ಅಣ್ಣ ಇವತ್ತ ಇಲ್ಲೇ ಕುಂದರ್ತಿದ್ರು."

ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಅವಳ ಪಕ್ಕದಲ್ಲಿ ಕುಳಿತರು. ಆಮೇಲೆ ಕಣ್ಣು ಮುಚ್ಚಿಕೊಂಡು, ತಾವೂ ನೀರಿಗೆ ಕೈ ಇಳಿಸಿದರು.