ಬೈಯಲು ಅಪ್ಪಣೆ ಕೇಳದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ಊಟಕ್ಕೆ ಕರೆಯುವವರಿಗೆ ಗುಂಡಿಗೆ ಗಟ್ಟಿ ಇರಬೇಕು! ಬಡಿಸಿದ್ದನ್ನೆಲ್ಲ ಉಂಡು, ಕೈತೊಳೆದು, ಸೀದಾ ಅಡುಗೆಯವರನ್ನು ಹುಡುಕಿಕೊಂಡು ಹೋಗುತ್ತಾರೆ. ಹೆಮ್ಮಿಗೆಯ ನೆಂಟರ ಗೃಹಪ್ರವೇಶದಲ್ಲಿ ಹಾಗೇ ಆಯಿತು.

"ಸಾರಿಗೆ ಹುಣಸೆಹಣ್ಣು ಜಾಸ್ತಿ ಆಯ್ತು. ಪಾಯಸ ಚೆನ್ನಾಗಿತ್ತು."

"ನಿಮ್ಮನ್ನ ಯಾರು ಕೇಳಿದ್ರಮ್ಮ?" ಎಂದ ಅಡುಗೆಯವ.

"ಉಂಡೋಳು ನಾನಲ್ವಾ? ಇನ್ಯಾರು ಹೇಳ್ಬೇಕು?"

ಹಸು ಕೊಳ್ಳಲು ಹೋದಾಗಲೂ ಇದೇ ಕಥೆ. ಮಾರುವವನು ಕೆಚ್ಚಲು ತೋರಿಸಿ ಹಾಡಿ ಹೊಗಳುತ್ತಿದ್ದರೆ ಇವರು ಹಸುವಿನ ಬಾಯಿಗೇ ಕೈ ಹಾಕಿದರು.

"ಇನ್ನೂ ನಿಮ್ದಾಗಿಲ್ಲ ಕಣವ್ವ, ಬಾಯಿ ಯಾಕೆ ಬುಡುಸ್ತೀರಿ?"

"ಹಲ್ಲು ನೋಡ್ದಲೆ ವಯಸ್ಸು ಹೆಂಗಪ್ಪಾ ಹೇಳ್ಲಿ? ನೋಡ್ದೆ ಅಷ್ಟೇ. ಹಸ ಹೊಡ್ಕೊಂಡು ಹೋಗ್ಲಿಲ್ವಲ್ಲ."

ಮುದಿ ಹಸು. ಕೊಳ್ಳಲಿಲ್ಲ.

ಇಂಥವರು ನಂಜನಗೂಡಿನ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದು ನಿವೃತ್ತರಾದರೆ, ಸುಮ್ಮನೆ ಕೂರುತ್ತಾರೆಯೇ? ಪಿಎಚ್‌ಡಿಗೆ ಸೇರಿದರು. ವಿಷಯ, ನಮ್ಮ ಸೀಮೆಯ ಕವಿಗಳು. ಅದರಲ್ಲಿ ಒಂದಿಡೀ ಅಧ್ಯಾಯ ಚಿಕ್ಕಪ್ಪನ ಮೇಲೆ. ಟಿ. ನರಸೀಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು, ಗಿರಾಕಿ ಇಲ್ಲದಾಗ ಕವಿತೆ ಬರೆದು, ಒಂದು ಸಂಕಲನವನ್ನೂ ತಂದು, ಹೋದ ವರ್ಷ ತೀರಿಕೊಂಡರು ನಮ್ಮ ಚಿಕ್ಕಪ್ಪ.

ಗಂಡನನ್ನು ಹೊಗಳಿ ಅಟ್ಟಕ್ಕೇರಿಸಿದ್ದಾರೆ ಅಂದುಕೊಂಡಿರಾ? ಅವರ ಸಾಲುಗಳನ್ನು ಎತ್ತಿ ಎತ್ತಿ ಬರೆದು, ಇಲ್ಲಿ ಪ್ರಾಸಕ್ಕಾಗಿ ಅರ್ಥ ಬಲಿಯಾಗಿದೆ, ಇಲ್ಲಿ ಕವಿಗೆ ನಿದ್ದೆ ಬಂದಿದೆ, ಈ ಒಂದು ಸಾಲು ಮಾತ್ರ ಬಂಗಾರ ಎಂದು ತೀರ್ಪು ಕೊಟ್ಟಿದ್ದರು.

ಗೈಡ್ ಮೇಷ್ಟ್ರು ಹೆದರಿದರು. "ಇಷ್ಟು ಸಾಲು ಎತ್ತಿದ್ದೀರಿ ಮೇಡಂ. ಕೃತಿಯ ಹಕ್ಕುದಾರರ ಒಪ್ಪಿಗೆ ಪತ್ರ ಇಲ್ಲದೆ ಥೀಸಿಸ್ ಮುಂದಕ್ಕೆ ಕಳಿಸೋಕಾಗಲ್ಲ."

ಹಕ್ಕುದಾರರು ಯಾರು? ಚಿಕ್ಕಮ್ಮನೇ! ಒಂದು ರುಜು ಹಾಕಿದರೆ ಕೆಲಸ ಮುಗಿಯಿತು. ಆದರೆ ಅವರು ಹಾಕುವವರೇ?

"ಕಾಪಿರೈಟ್ ಕಾಯ್ದೆ ಐವತ್ತೆರಡನೇ ಸೆಕ್ಷನ್ ಓದಿ ಸಾ. ವಿಮರ್ಶೆಗೆ ಬೇಕಾದಷ್ಟು ಸಾಲು ತಗೊಳ್ಳೋಕೆ ಯಾರ ಅಪ್ಪಣೆಯೂ ಬೇಡ. ಕವಿ ಹೆಸರು, ಪುಸ್ತಕದ ಹೆಸರು ಹಾಕಿದ್ದೀನಿ. ಹಲ್ಲು ನೋಡಿದ್ದೀನಿ, ಹಸ ಹೊಡ್ಕೊಂಡು ಹೋಗಿಲ್ಲ."

"ಹಕ್ಕು ನಿಮ್ದೇ ಅಲ್ವಾ ಮೇಡಂ? ನಿಮಗೇನು ಕಷ್ಟ?"

"ಇವತ್ತು ನಾನು ಕೊಡ್ತೀನಿ. ನಾಳೆ ಇನ್ನೊಬ್ಬ ಕವಿ ಮನೆಯೋರು ಕೊಡಲ್ಲ ಅಂದ್ರೆ ನಿಮ್ಮ ಕೈಕೆಳಗೆ ಓದೋ ಹುಡುಗೀರು ಏನ್ ಮಾಡ್ಬೇಕು? ಬರೀ ಹೊಗಳ್ಕೊಂಡು ಕೂರ್ಬೇಕಾ?"

ಥೀಸಿಸ್ ಮೇಷ್ಟ್ರ ಬೀರುವಿನಲ್ಲೇ ಉಳಿಯಿತು. ಅಷ್ಟು ವರ್ಷದ ಓದು ನೀರುಪಾಲಾಗುತ್ತದಲ್ಲ ಎಂದು ನನಗೆ ಸಂಕಟ. ಬುದ್ಧಿ ಹೇಳೋಣವೆಂದು ಹೆಮ್ಮರಗಾಲದ ಅವರ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು.

"ಚಿಕ್ಕಮ್ಮ, ಕಾನೂನು ನಿಮ್ಮ ಕಡೆಗೇ ಅದೆ, ಒಪ್ಪಿದೆ. ಆದ್ರೂ ಒಂದು ರುಜು ಹಾಕ್ಬಿಡಿ."

ಕರೆಯುವುದನ್ನು ನಿಲ್ಲಿಸಿದರು.

"ಪತ್ರದ ಜೊತೆ ಡೆತ್ ಸರ್ಟಿಫಿಕೇಟೂ ಇಡ್ಬೇಕಂತೆ ಕಣೋ. ನಿಮ್ಮ ಚಿಕ್ಕಪ್ಪ ಬರೆದಿದ್ದನ್ನೆಲ್ಲ ನನ್ನ ಮುಂದೆ ಓದಿ, ಎಲ್ಲಿ ಕೆಟ್ಟದೆ ಹೇಳು ಅಂತ ಕೂರೋರು. ಒಂದಿನಾದ್ರೂ ಅಪ್ಪಣೆ ಕೇಳಿ ಬೈದಿದ್ದೀನಾ? ಈಗ ಕಾಗದ ಕೊಟ್ರೆ, ಅವರಿಲ್ಲ ಅಂತ ನಾನೇ ರುಜು ಹಾಕ್ದಂಗೆ. ಹಾಕಲ್ಲ."

ಮತ್ತೆ ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿಸಿತು. ನಾನು ಕರುವನ್ನು ಹಿಡಿದುಕೊಂಡೆ.