ಅವ್ವ ಕುಂತು ಏರಬೇಕಾಗಿದ್ದ ಗುಡ್ಡ

ನಮ್ಮ ಮನ್ಯಾಗ ಅಳೂ ಹೊತ್ತಿಗೆ ನಗು ಬರತೈತಿ, ನಗೂ ಹೊತ್ತಿಗೆ ಯಾರರೆ ಒಬ್ಬರು ಅಳಕೋತ ಕುಂತಿರತಾರ. ಯಾಕ ಹಿಂಗ ಅಂತ ನನಗಂತೂ ತಿಳದಿಲ್ಲ. ಅಪ್ಪ ತೀರಿಕೊಂಡ ಮ್ಯಾಲ ಇದು ಇನ್ನೂ ಭಾಳ ಆಗೇತಿ.

ಅಪ್ಪಂದು ಸೀರಿ ವ್ಯಾಪಾರ. ಬೆಟಗೇರಿ ಸೀರಿ ಗಂಟು ಕಟ್ಟಿ, ತನ್ನ ಹಳೇ ಅಂಬಾಸಿಡರ್ ಕಾರಿನ್ಯಾಗ ಹೇರಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂಗಡಿಗೊಳಿಗೆ ಹಾಕಿ ಬರತಿದ್ದ. ವರ್ಷಕ್ಕೊಮ್ಮೆ ನಮ್ಮನ್ನೆಲ್ಲಾ ಕಪ್ಪತಗುಡ್ಡದ ದೇವರಿಗೆ ಕರಕೊಂಡು ಹೋಗತಿದ್ದ. ಕಡೀ ಏರು ಬಂತಂದ್ರ ಗಾಡಿ ಉಸ್ ಅಂತಿತ್ತು. "ಇಳಿ ಇಳಿ, ಸ್ವಲ್ಪ ಭಾರ ಕಮ್ಮಿ ಆಗಲಿ" ಅಂತ ಅವ್ವನ್ನ ಇಳಸತಿದ್ದ. ಅವ್ವ ತೇಕಿಕೋತ ನಡದು ಬರೂದು, ಮ್ಯಾಲ ಅಪ್ಪ ತಂಬಿಗಿ ನೀರು ಹಿಡಕೊಂಡು ನಿಂತಿರೂದು. ಅವ್ವ ಗಟಗಟ ಕುಡದು, "ಸುಡ್ಲಿ ನಿಮ್ಮ ಗಾಡಿ, ಒಂದು ಏರು ಏರಾಕ ಆಗಾಂಗಿಲ್ಲ ಇದಕ್ಕ!" ಅಂತ ಬೈಯೂದು. ಹುಡುಗರಾದ ನಾವು ಗಾಡ್ಯಾಗ ಕುಂತು ನಗತಿದ್ವಿ.

ಈಗ ಅಪ್ಪ ಇಲ್ಲ. ಅವ್ವನ ಹೃದಯ ದಣದೈತಿ, ಭಾಳ ನಡಿಸಬ್ಯಾಡ್ರಿ ಅಂತ ಡಾಕ್ಟರ್ ಅಂದಾರ. ಒಂದಿನ ರೊಟ್ಟಿ ಮುರಕೋತ ಅವ್ವ ಅಂದ್ಲು, "ಸಾಯೂದ್ರಾಗ ಒಮ್ಮೆರೆ ಆ ಗುಡ್ಡ ಕುಂತು ಏರಬೇಕು ನೋಡಪಾ. ಆ ಗಾಡ್ಯಾಗನ." ಬಾಡಿಗಿ ಗಾಡಿ ತರತೇನಿ ಅಂದ್ರ ಒಲ್ಲೆ ಅಂದ್ಲು.

ನಂದು ಮೋಟಾರ್ ವೈಂಡಿಂಗ್ ಅಂಗಡಿ. ಬೋರಿನ ಮೋಟಾರು ಬಿಚ್ಚಿದ ಕೈ, ಕಾರು ಯಾವ ಲೆಕ್ಕ ಅಂತ ಸೊಕ್ಕು. ಫೋನಿನ್ಯಾಗ ವಿಡಿಯೋ ನೋಡಿದೆ. ಎಂಜಿನ್ ಮ್ಯಾಲ ಹೆಡ್ಡು ಅಂತ ಒಂದು ದಪ್ಪ ಕಬ್ಬಿಣದ ಮುಚ್ಚಳ ಇರತೈತಿ. ಗಾಳಿ ಒಳಗ ಹೋಗೂ ದಾರಿ, ಹೊಗಿ ಹೊರಗ ಬರೂ ದಾರಿ ಎಲ್ಲಾ ಅದರಾಗನ. ಆ ದಾರಿ ತಿಕ್ಕಿ ಅಗಲ ಮಾಡಿ ನುಣ್ಣಗ ಮಾಡಿದ್ರ ಎಂಜಿನ್ನಿಗೆ ಉಸಿರಾಡಾಕ ಸಲೀಸು, ಏರಿಗೆ ಬಲ ಬರತೈತಿ. ಇದಕ್ಕ ಪೋರ್ಟಿಂಗ್ ಅಂತಾರ. ಇಷ್ಟ ಹೌದಲ್ಲೋ ಅಂದು ಮನ್ಯಾಗನ ಸುರು ಮಾಡಿದೆ.

ಹುಣಸಿಹಣ್ಣು

ಹೆಡ್ಡು ಇಳಿಸಿ, ಸೀಮಿಎಣ್ಣಿ ಹಚ್ಚಿ ತೊಳದು, ಹಿತ್ತಲದಾಗ ಇಟ್ಟು ಅಂಗಡಿಗೆ ಹೋದೆ. ಸಂಜಿಕ ಬಂದು ನೋಡಿದ್ರ ಹೆಡ್ಡು ಕೆಂಪಗ ಕುಂತಿತ್ತು, ಮೈತುಂಬ ತುಕ್ಕು.

"ಯವ್ವಾ, ಇದಕ್ಕ ಏನು ಮಾಡಿದಿ?"

"ಎಣ್ಣಿ ಜಿಡ್ಡು ಇತ್ತಲ್ಲಪಾ. ದೇವರ ಸಾಮಾನ ತಿಕ್ಕಿದಂಗ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ನೀರು ಹಾಕೇನಿ."

ಬಗ್ಗಬ್ಯಾಡ, ದಣೀಬ್ಯಾಡ ಅಂತ ಡಾಕ್ಟರ್ ಹೇಳಿದಾಕಿ ಹಿತ್ತಲದಾಗ ಕುಂತು ಅಷ್ಟು ಭಾರದ ಕಬ್ಬಿಣ ತಿಕ್ಯಾಳ! ನನಗ ಸಿಟ್ಟು ಬಂತು. "ಯವ್ವಾ, ಇದು ಕಬ್ಬಿಣ ಬೇ, ತುಕ್ಕು ಹಿಡೀತೈತಿ" ಅಂದೆ.

ಅವ್ವ ಮುಖ ಸಿಂಡರಿಸಿ ಅಂದ್ಲು, "ನಿಮ್ಮಪ್ಪ ಇಷ್ಟು ವರ್ಷ ಗಾಡಿ ಗಾಡಿ ಅಂತ ಮೆರದದ್ದು ಇದಕ್ಕೇನು? ಒಳಗ ಹಿತ್ತಾಳಿನೂ ಇಲ್ಲ?"

ಸಂಡಿಗಿ

ತುಕ್ಕು ತಗದು ತಿಕ್ಕೂ ಮಷಿನ್ ಹಚ್ಚಿದೆ. ಕಿರ್ರ್ ಅಂತ ಸಪ್ಪಳ, ಸುತ್ತಲೂ ಕರೀ ಪುಡಿ. ಪಕ್ಕದಾಗ ಹಾಸಿದ ಸೀರಿ ಮ್ಯಾಲ ಮನಿಯಾಕಿ ಸಂಡಿಗಿ ಇಟ್ಟಿದ್ಲು, ನನ್ನ ಲಕ್ಷ್ಯ ಆ ಕಡೆ ಇರಲೇ ಇಲ್ಲ. ಆಕಿ ಬಂದು ನೋಡಿದ್ಲು. ಬಿಳೀ ಸಂಡಿಗಿ ಎಲ್ಲಾ ಎಳ್ಳು ಹಚ್ಚಿದಂಗ ಆಗಿದ್ವು.

"ನಿಮ್ಮ ಗಾಡಿ ಹಾಳಾಗಲಿ!" ಅಂತ ಅಂದಾಕಿನ ಅತ್ಲು. ನಾನು ಅಂಗಡಿಯಿಂದ ದೊಡ್ಡ ಮ್ಯಾಗ್ನೆಟ್ ತಂದು, ಹೊತ್ತು ಮುಳುಗೂ ತನಕ ಒಂದೊಂದ ಸಂಡಿಗಿ ಮ್ಯಾಲ ಆಡಿಸಿದೆ. ಮಂದಿ ಸಂಡಿಗಿಗೆ ಕಾಗಿ ಕಾಯ್ತಾರ, ನಾ ಕಬ್ಬಿಣ ಆರಿಸಿದೆ. ಆದರೂ ಎಲ್ಲಾ ಹೋಗಲಿಲ್ಲ.

ಅವ್ವ ಒಂದು ಹಸೀ ಸಂಡಿಗಿ ಬಾಯಾಗ ಹಾಕ್ಕೊಂಡು ಮೆಲ್ಲಕ ಅಂದ್ಲು, "ಇರ್ಲಿ ಬಿಡ್ರಿ. ನನ್ನ ರಕ್ತದಾಗ ಕಬ್ಬಿಣ ಕಮ್ಮಿ ಐತಿ ಅಂತ ಡಾಕ್ಟರ್ ಹೆಂಗೂ ಅಂದಾರ."

ಬಿಳೀ ಧೋತರ

ಕೆಲಸ ಮುಗೀತು ಅನ್ನೂದ್ರಾಗ ಆಸೆ ತಡೀಲಿಲ್ಲ. ಇನ್ನೊಂಚೂರು, ಇನ್ನೊಂಚೂರು ಅಂತ ತಿಕ್ಕಿದೆ. ಹೆಡ್ಡಿನ ಒಳಗಿನ ದಾರಿ ಗೋಡಿಗೆ ತೂತು ಬಿತ್ತು! ಎಂಜಿನ್ ತಂಪು ಮಾಡೂ ನೀರು ಓಡ್ಯಾಡೂದು ಆ ಗೋಡಿ ಆಚಿಕಡೆ. ಇನ್ನ ಆ ನೀರೆಲ್ಲಾ ಎಂಜಿನ್ ಒಳಗ.

ಅಪ್ಪಂದೊಂದು ಗಾಡಿ, ಅವ್ವಂದೊಂದು ಆಸೆ, ಎರಡೂ ನನ್ನ ಕೈಯಾಗ ಹಾಳಾದ್ವು ಅನಿಸಿತು. ಹೆಡ್ಡು ಮನಿ ಮುಂದಿನ ಕಟ್ಟಿ ಮ್ಯಾಲ ತಂದಿಟ್ಟು, ಅಪ್ಪನ ಬಿಳೀ ಧೋತರ ಹೊಚ್ಚಿ, ಬಾಜೂಕ ತಲಿ ಮ್ಯಾಲ ಕೈ ಹೊತ್ತು ಕುಂತೆ. ಕಣ್ಣಾಗ ನೀರು ಬಂದದ್ದು ಖರೆ.

ಎದುರುಮನಿ ಅಕ್ಕೋರು ಹಾದು ಹೋಗೋಮುಂದ ನೋಡಿದ್ರು. ಬಿಳೀ ಅರಿವಿ, ಅಳೂ ಮಗ, ಒಳಗ ಜಡ್ಡಿನ ಮುದುಕಿ. ಅವರಿಗೆ ಅಷ್ಟ ಸಾಕಾತು. ನಾ ತಲಿ ಎತ್ತೂದ್ರಾಗ ಓಣಿ ಹೆಣ್ಮಕ್ಕಳೆಲ್ಲಾ ಬಾಯಿಗೆ ಸೆರಗು ಹಚ್ಚಿಕೊಂಡು ಅಂಗಳಕ್ಕ ಬಂದು, "ಎಂಥಾ ಜೀವಾಗಿತ್ತ ನಮ್ಮವ್ವ!" ಅಂತ ಹಾಡ್ಯಾಡಿ ಅಳಾಕ ಹತ್ತಿದ್ರು.

ಸಪ್ಪಳ ಕೇಳಿ ಅವ್ವ ಹೊರಗ ಬಂದ್ಲು. ಇಷ್ಟು ಮಂದಿ ಅಳೋಮುಂದ ಯಾರು ಹೋದ್ರು ಅಂತ ಕೇಳೂದು ಸರಿ ಅಲ್ಲ ಅನಿಸಿರಬೇಕು. ತಾನೂ ಅವರ ನಡಕ ಕುಂತು, ಸೆರಗು ಮುಖಕ್ಕ ಹಚ್ಚಿ ಅಳಾಕ ಸುರು ಮಾಡಿದ್ಲು. ಅಪ್ಪ ಹೋದಾಗ ಅಷ್ಟು ಅತ್ತಿರಲಿಲ್ಲ. ಈಗ ಬಿಕ್ಕಿಬಿಕ್ಕಿ ಅತ್ಲು.

ಅಕ್ಕೋರು ಸಮಾಧಾನ ಮಾಡಾಕ ಆಕಿ ಬೆನ್ನ ಮ್ಯಾಲ ಕೈ ಇಟ್ಟು, ಮುಖ ನೋಡಿ ಹೌಹಾರಿದ್ರು. "ಅಯ್ಯ, ನೀವು ಇದ್ದೀರಲ್ರಿ!"

ಅವ್ವ ಕಣ್ಣು ಒರಸಿಕೊಂಡು ಅಂದ್ಲು, "ಇದ್ದೇನ್ರೆವಾ. ತಪ್ಪಾತೇನು?"

ಕಡೀ ಏರು

ಲಕ್ಷ್ಮೇಶ್ವರದಾಗ ಅಪ್ಪನ ಗೆಳೆಯ, ವೆಲ್ಡಿಂಗ್ ಮಾಡೂ ಚಾಚಾ ಇದಾರ. ತೂತು ನೋಡಿ, "ನಿಮ್ಮಪ್ಪ ಇದ್ದಿದ್ರ ನಿನಗ ಬಡೀತಿದ್ದ. ಅವ ಇಲ್ಲ, ಏನು ಮಾಡೂದು, ತಾ ಇಲ್ಲೆ" ಅಂದು ಹಿತ್ತಾಳಿ ಕರಗಿಸಿ ಮುಚ್ಚಿ ಕೊಟ್ರು. ಹಿತ್ತಾಳಿ ಬಿತ್ತು ಅಂತ ಅವ್ವಗ ಭಾಳ ಸಮಾಧಾನ.

ಹೆಡ್ಡು ಕೂಡಿಸಿದೆ. ಅವ್ವ ಮುಂದ, ಮನಿಯಾಕಿ ಹಿಂದ. ಮುಂಡರಗಿ ದಾರಿ ಹಿಡದು ಗುಡ್ಡಕ್ಕ ಬಂದ್ವಿ. ಕಡೀ ಏರು ಬಂತು. ಗಾಡಿ ಉಸ್ ಅನ್ನಲಿಲ್ಲ, ಸರ್ರನ ಏರಾಕ ಹತ್ತಿತು. "ನೋಡಬೇ ಯವ್ವಾ!" ಅಂತ ನಾ ಒದರಿದೆ.

"ನಿಲ್ಲಸು" ಅಂದ್ಲು ಅವ್ವ. ಎದಿ ಹಿಡೀತೇನೋ ಅಂತ ಗಾಬರಿಯಾಗಿ ನಿಲ್ಲಿಸಿದೆ. ಬಾಗಲಾ ತಗದು ಇಳದ್ಲು.

"ಕುಂತು ಏರಬೇಕು ಅಂತ ನೀನ ಅಂದಿದ್ದೆಲ್ಲಬೇ?"

"ಅದು ನಿಮ್ಮಪ್ಪನ ಮ್ಯಾಲಿನ ಸಿಟ್ಟಿಗೆ ಅಂದಿದ್ದೋ. ಅವನೇ ಇಲ್ಲ, ಕುಂತು ಏರಿ ಯಾರಿಗೆ ತೋರಸ್ಲಿ? ನೀ ಮ್ಯಾಲ ಹೋಗಿ ನೀರು ಹಿಡಕೊಂಡು ನಿಂದ್ರು."

ಎಷ್ಟು ಬೇಡಿಕೊಂಡ್ರೂ ಕೇಳಲಿಲ್ಲ. ಮ್ಯಾಲ ಹೋಗಿ ತಂಬಿಗಿ ಹಿಡಕೊಂಡು ನಿಂತೆ. ಅವ್ವ ಸೊಸಿ ಹೆಗಲು ಹಿಡದು, ನಿಂತು ನಿಂತು, ಬಂದ್ಲು. ನೀರು ಗಟಗಟ ಕುಡದ್ಲು. ಸೆರಗಿಲೆ ಬಾಯಿ ಒರಸಿಕೊಂಡು, ಏರು ಸಲೀಸಾಗಿ ಏರಿ ನಿಂತಿದ್ದ ಗಾಡಿ ಕಡೆ ನೋಡಿ ಅಂದ್ಲು:

"ಸುಡ್ಲಿ ನಿಮ್ಮ ಗಾಡಿ, ಒಂದು ಏರು ಏರಾಕ ಆಗಾಂಗಿಲ್ಲ ಇದಕ್ಕ!"