ಆಂಜಿನಪ್ಪ ಒಳ್ಳೆಯವನಾದ ದಿನ

ಆಂಜಿನಪ್ಪನ ಅನ್ನಕ್ಕೆ ಕಲ್ಲು ಹಾಕಿದ್ದು ಒಂದು ಬಿಲ್ಲೆ ಕರ್ಪೂರ.

ಬೂದಿಕೋಟೆ ಕಡೆಯ ಆಂಜಿನಪ್ಪ ಊರಿಗಾಂ ಸ್ಟಾರ್ಸ್ ಹಾಕಿ ತಂಡದ ಸಂಬಳದ ಆಟಗಾರ, ಫುಲ್‌ಬ್ಯಾಕ್. ಚೆಂಡು ತಡೆಯುವುದರಲ್ಲಿ ಅವನು ಅಂಥ ನಿಸ್ಸೀಮನೇನಲ್ಲ. ಚೆಂಡು ತರುವವನ ಮೊಣಕಾಲ ಕೆಳಗೆ ಸ್ಟಿಕ್ಕು ಬೀಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರು ಇಡೀ ಲೀಗಿನಲ್ಲೇ ಇರಲಿಲ್ಲ. ಅದಕ್ಕೇ ಕ್ಲಬ್ಬಿನ ಕಾರ್ಯದರ್ಶಿ ಆರುಮುಗಂ ವರ್ಷವರ್ಷವೂ ಅವನ ಒಪ್ಪಂದ ಮುಂದುವರಿಸುತ್ತಿದ್ದ. ಈ ವರ್ಷದ್ದು ಇವತ್ತಿನ ಬಂಗಾರಪೇಟೆ ಪಂದ್ಯ ಮುಗಿದ ಮೇಲೆ ಆಗಬೇಕಿತ್ತು.

ಆದರೆ ಹೋದ ಪಂದ್ಯದಲ್ಲಿ ಅವನ ಏಟಿಗೆ ಮುಗ್ಗರಿಸಿ ಬಿದ್ದ ಇಬ್ಬರ ಹಲ್ಲು ಉದುರಿ, ಪತ್ರಿಕೆಯಲ್ಲಿ ‘ಹಾಕಿಯೋ ಕುಸ್ತಿಯೋ?’ ಎಂದು ಬಂದುಬಿಟ್ಟಿತ್ತು. ಮಾನ ಉಳಿಸಿಕೊಳ್ಳಲು ಆರುಮುಗಂ ಈ ಸಲ ಆಂಡರ್ಸನ್‌ಪೇಟೆಯ ನಿವೃತ್ತ ಹೆಡ್‌ಮಿಸ್ ವರಲಕ್ಷ್ಮಮ್ಮನವರನ್ನು ಮುಖ್ಯ ಅತಿಥಿಯಾಗಿ ಕರೆಸಿ, ಮೈದಾನದ ನಡುವೆ ತಟ್ಟೆಯಲ್ಲಿ ಕರ್ಪೂರ ಹಚ್ಚಿಸಿದ.

“ಎಲ್ಲಾರೂ ಆಣೆ ಮಾಡಪ್ಪಾ. ಕ್ಲೀನ್ ಹಾಕಿ! ಹಂಗೇ ಫೋಟೋ ಕಡೆ ನೋಡಿ!”

ಉಳಿದವರು ಕ್ಯಾಮೆರಾ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸಿದರು. ಆಂಜಿನಪ್ಪ ಪಾಪ, ಕರ್ಪೂರ ಕಂಡರೆ ಕೈ ಮುಗಿಯುವ ಮನುಷ್ಯ. “ಇವತ್ತು ಯಾರ್ನಾದ್ರೂ ಒಡುದ್ರೆ ನಮ್ಮನೆ ಗಬ್ಬದ ಅಸು ಉಳೀದಂಗಾಗೋಗ್ಲಿ” ಎಂದು ಮನೆಯ ಹಸುವಿನ ಮೇಲೆ ನಿಜವಾಗಿಯೇ ಆಣೆಯಿಟ್ಟು, ಉರಿಯುವ ಕರ್ಪೂರವನ್ನು ಅಂಗೈ ಒತ್ತಿ ಆರಿಸಿಬಿಟ್ಟ.

ಮೈಕು ಪಕ್ಕದಲ್ಲೇ ಇತ್ತು. ಗ್ಯಾಲರಿಯಲ್ಲಿ ಕೂತಿದ್ದ ಅವನ ಹೆಂಡತಿ ಆದಿಲಕ್ಷ್ಮಿಗೂ ಅದು ಕೇಳಿಸಿತು.

“ಅಯ್ಯೋ ನಿನ್ ಬಾಯ್ಗೆ ಮಣ್ಣಾಕ! ಆಣೆ ಇಡಾಕೆ ನನ್ನ ಅಸುನೇ ಬೇಕಿತ್ತಾ? ಒಬ್ಬನ ಮ್ಯಾಲೆ ಕೋಲು ಬೀಳ್ಲಿ, ಮನೇಗೆ ಬಾ, ಐತೆ ನಿಂಗೆ!” ಎಂದು ಅಲ್ಲಿಂದಲೇ ಕೂಗಿ, ಫೋನು ತೆಗೆದು ಗಂಡನ ಸ್ಟಿಕ್ಕನ್ನೇ ವಿಡಿಯೋ ಮಾಡತೊಡಗಿದಳು.

ವರಲಕ್ಷ್ಮಮ್ಮನವರು ಅಹಿಂಸೆಯ ಮೇಲೆ ಆಟಗಾರರು ತೂಕಡಿಸುವಷ್ಟು ಹೊತ್ತು ಮಾತಾಡಿದ ಮೇಲೆ ಆಟ ಶುರುವಾಯಿತು. ಬಂಗಾರಪೇಟೆಯ ವೆಂಕಿ ಚೆಂಡು ತಂದ. ಆಂಜಿನಪ್ಪ ಚೆಂಡಿಗೆಂದು ಸ್ಟಿಕ್ಕು ಚಾಚಿದ. ವೆಂಕಿಯ ಕಾಲು ಅಡ್ಡ ಬಂದ ಕೂಡಲೇ ಬಿಸಿ ಪಾತ್ರೆ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ಗೋಲಾಯಿತು.

“ಕಾಲು ಅಲ್ಲೇ ಇದೆಯಲ್ಲೋ, ಕಣ್ಣು ಕಾಣಿಸೋದಿಲ್ವಾ? ಬಿಡೋ ಒಂದು ಏಟು!” ಎಂದು ಯಾರೋ ಕಿರುಚಿದರು. ತಿರುಗಿ ನೋಡಿದರೆ ವರಲಕ್ಷ್ಮಮ್ಮನವರು! ಅತಿಥಿಗಳ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಕೊರಳಿನ ಹಾರ ಒಂದು ಹೆಗಲಿಗೆ ಜಾರಿತ್ತು.

ವಿರಾಮದಲ್ಲಿ ಆರುಮುಗಂ ಅವನನ್ನು ನೀರಿನ ಡ್ರಮ್ಮಿನ ಹಿಂದಕ್ಕೆ ಎಳೆದುಕೊಂಡು ಹೋದ.

“ಏನ್ಡಾ ಇದು? ನೀನು ಫುಲ್‌ಬ್ಯಾಕಾ, ಮದುವೆ ಮನೇಲಿ ಬನ್ನಿ ಬನ್ನಿ ಅನ್ನೋನಾ?”

“ಆಣೆ ಮಾಡಿವ್ನಲ್ಲಣ್ಣ.”

“ಅದು ಪೇಪರ್ನೋರಿಗೆ ಮಾಡಿದ್ದು ಅಂತ ದೇವ್ರಿಗೆ ಗೊತ್ತಿರಲ್ವಾ ಸಾಮೀ? ಅಂಪೈರ್ ನೋಡ್ದೇ ಇದ್ದಾಗ ಹೊಡುದ್ರೆ ಅದೂ ಕ್ಲೀನ್ ಹಾಕಿನೇ. ಇಲ್ಲಾಂದ್ರೆ ಒಪ್ಪಂದ ಮರ್ತುಬಿಡು.”

ಹೊಡೆದರೆ ಹಸು ಹೋಗುತ್ತದೆ, ಹೊಡೆಯದಿದ್ದರೆ ಕೆಲಸ ಹೋಗುತ್ತದೆ. ಆಂಜಿನಪ್ಪ ಗ್ಯಾಲರಿಯತ್ತ ನೋಡಿದ. ಆದಿಲಕ್ಷ್ಮಿಯ ಫೋನು ಇನ್ನೂ ಅವನ ಕಡೆಗೇ ತಿರುಗಿತ್ತು. ಹಸುವೇ ಉಳಿಯಲಿ ಎಂದುಕೊಂಡ.

ಆಟ ಮುಗಿಯುವ ಹೊತ್ತಿಗೆ ವೆಂಕಿ ಮತ್ತೆ ನುಗ್ಗಿದ. ಎಲ್ಲಿ ತಾಗಿಬಿಡುತ್ತದೋ ಎಂದು ಆಂಜಿನಪ್ಪ ಒಂದು ಮಾರು ಆಚೆಗೆ ಹಾರಿ ನಿಂತ. ವೆಂಕಿಯೂ ಕಸುಬು ಬಲ್ಲವನೇ. “ಅಮ್ಮಾ!” ಎಂದು ನೆಗೆದು ಬಿದ್ದು, ಮೊಣಕಾಲು ಹಿಡಿದು ಉರುಳಾಡತೊಡಗಿದ. ಅಂಪೈರ್ ತಿರುಗಿ ನೋಡಿದಾಗ ಕಂಡದ್ದು ನೆಲದ ಮೇಲೆ ವೆಂಕಿ, ಹತ್ತಿರದಲ್ಲಿ ಆಂಜಿನಪ್ಪ. ಬೇರೆ ಸಾಕ್ಷಿ ಯಾಕೆ ಬೇಕು? ಕೆಂಪು ಕಾರ್ಡು ತೋರಿಸಿಬಿಟ್ಟ.

ಕೊನೆಗೂ ಆಂಜಿನಪ್ಪ ಏಟು ಕೊಟ್ಟನೆಂದು ಗ್ಯಾಲರಿ ಎದ್ದು ಕುಣಿಯಿತು. ಆರುಮುಗಂ ಮೈಕಿನಲ್ಲಿ, “ಇಂಥ ಹಿಂಸೆಯನ್ನು ನಮ್ಮ ಕ್ಲಬ್ಬು ಉಗ್ರವಾಗಿ ಖಂಡಿಸುತ್ತದೆ” ಎಂದು ಗುಡುಗಿ, ಮೈಕು ಆರಿಸಿ ಆಂಜಿನಪ್ಪನನ್ನು ತಬ್ಬಿಕೊಂಡ.

“ವಾಡಾ ರಾಜಾ! ಒಪ್ಪಂದ ಖಾಯಂ! ಏನ್ ಏಟು!”

“ನಾನು ಒಡೀಲೇ ಇಲ್ಲಣ್ಣ.”

“ಹಂಗೇ ಹೇಳು, ಹಂಗೇ ಹೇಳು” ಎಂದು ಆರುಮುಗಂ ಕಣ್ಣು ಮಿಟುಕಿಸಿದ.

ಅಷ್ಟರಲ್ಲಿ ಆದಿಲಕ್ಷ್ಮಿ ಬೇಲಿ ದಾಟಿ ಬಂದಾಗಿತ್ತು. “ನನ್ ಗಂಡ ಆಣೆ ತಪ್ಪಿದ ಅಂತ ಯಾವನ್ಲಾ ಏಳಿದ್ದು? ಕಣ್ ಬಿಟ್ಟು ನೋಡ್ರಿ!” ಎಂದು ಫೋನನ್ನು ಅಂಪೈರ್ ಮೂಗಿನ ಮುಂದೆ ಹಿಡಿದಳು. ವಿಡಿಯೋದಲ್ಲಿ ಎಲ್ಲವೂ ನಿಚ್ಚಳವಾಗಿತ್ತು. ಕೆಂಪು ಕಾರ್ಡು ವಾಪಸಾಯಿತು. ಆಂಜಿನಪ್ಪನ ಹೆಗಲ ಮೇಲಿದ್ದ ಆರುಮುಗಂನ ಕೈಯೂ ವಾಪಸಾಯಿತು.

ಊರಿಗಾಂ ತಂಡ ಅದೇ ಒಂದು ಗೋಲಿನಿಂದ ಸೋತಿತು. ಬಹುಮಾನದ ಹೊತ್ತಿಗೆ ವರಲಕ್ಷ್ಮಮ್ಮನವರು ಹಾರ ಸರಿಮಾಡಿಕೊಂಡು, “ನಮ್ಮ ಮಕ್ಕಳಿಗೆ ಮಾದರಿ ಈ ಆಂಜಿನಪ್ಪ” ಎಂದು ಗದ್ಗದಿತರಾಗಿ ಶುದ್ಧ ಆಟದ ಕಪ್ ಕೊಟ್ಟರು. ಅವನಿಗೆ ಕಣ್ಣು ತುಂಬಿ ಬಂತು. ಕೆಲಸ ಹೋದರೂ ಮರ್ಯಾದೆ ಸಿಕ್ಕಿತಲ್ಲ ಎಂದುಕೊಳ್ಳುತ್ತ ವೇದಿಕೆ ಇಳಿದ.

ಕೆಳಗೆ ಆರುಮುಗಂ ಅಡ್ಡ ಬಂದ. “ಅದನ್ನ ಇಲ್ಲಿ ಕೊಡಪ್ಪಾ. ರೋಲಿಂಗ್ ಕಪ್ ಅದು, ನಮ್ಮ ಕ್ಲಬ್ ಆಟಗಾರನ ಹತ್ರನೇ ಇರ್ಬೇಕು. ನೀನು ಈಗ ನಮ್ಮೋನಲ್ವಲ್ಲ.”

“ಮತ್ತೆ ನನ್ ಜಾಗಕ್ಕೆ ಯಾರಣ್ಣ?”

“ಆಗ್ಲೇ ಸಿಕ್ಕಿದ್ದಾನೆ. ಕೈ ಸೋಕಿಸ್ದೇನೇ ಎದುರಾಳೀನ ಮೈದಾನದಿಂದ ಈಚೆಗೆ ಕಳಿಸ್ತಾನೆ. ಪೂರಾ ಅಹಿಂಸೆ!”

ಪತ್ರಿಕೆಯವರು ಫೋಟೋಗೆ ಕರೆದರು. ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ವೆಂಕಿ, ವರಲಕ್ಷ್ಮಮ್ಮನವರ ಪಕ್ಕದಲ್ಲಿ ನಿಂತು, ಶುದ್ಧ ಆಟದ ಕಪ್ಪನ್ನು ತಲೆಯ ಮೇಲೆ ಎತ್ತಿ ಹಿಡಿದ.